ಅವ್ವನ ಎಡೆಗೆ ಏನಿಡುವುದು

ನಮ್ಮ ಮನೆತನದಲ್ಲಿ ತೀರಿಕೊಂಡವರಿಗೆ ಏನೇನು ಇಷ್ಟವಾಗಿತ್ತು ಎಂಬುದು ಅವ್ವನಿಗೆ ಬಾಯಿಪಾಠವಾಗಿತ್ತು. ಬದುಕಿರುವವರ ಮೇಲೆ ಅಷ್ಟು ಗಮನವಿಲ್ಲ ಎಂದು ಅಪ್ಪ ಗೊಣಗುತ್ತಿದ್ದ, ಅದು ಬೇರೆ ಮಾತು. ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಿರಿಯರ ಹಬ್ಬ. ನಡುಮನೆಯ ಗೋಡೆಗೆ ಸಾಲಾಗಿ ಬಾಳೆಎಲೆ ಹಾಕಿ, ಒಂದೊಂದು ಎಲೆಗೂ ಒಬ್ಬೊಬ್ಬ ಹಿರಿಯರ ಮೆಚ್ಚಿನ ತಿಂಡಿ ಬಡಿಸಿ ಎಡೆ ಇಡುತ್ತೇವೆ. ಮುತ್ತಾತನಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ತಾತನಿಗೆ ಮಟನ್ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಅರ್ಧ ಲೋಟ ಬ್ರಾಂದಿ. ಚಿಕ್ಕಪ್ಪನಿಗೆ ಒಣಮೀನು. ಹನ್ನೆರಡನೇ ವಯಸ್ಸಿಗೇ ಜ್ವರ ಬಂದು ಹೋದ ಅಪ್ಪನ ಅಕ್ಕ ಒಬ್ಬಳಿದ್ದಳು. ಅವಳ ಮುಖವನ್ನು ಅವ್ವ ನೋಡಿದವಳೇ ಅಲ್ಲ. ಆದರೂ ಮದುವೆಯಾಗಿ ಬಂದ ಹೊಸತರಲ್ಲೇ ಅಜ್ಜಿಯನ್ನು ಕೇಳಿ ತಿಳಿದುಕೊಂಡು, ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ, ಕಡ್ಡಿಗೆ ಸಿಕ್ಕಿಸಿ ಆ ಹುಡುಗಿಯ ಎಲೆಯ ಮೂಲೆಗೆ ಇಡುತ್ತಿದ್ದಳು. ಎಲ್ಲ ಬಡಿಸಿ ಧೂಪ ಹಾಕಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಚಿಕ್ಕವಳಾಗಿದ್ದಾಗ ನಾನು ಬಾಗಿಲ ಸಂದಿಗೆ ಕಣ್ಣಿಟ್ಟು ಇಣುಕುತ್ತಿದ್ದೆ, ಅವ್ವ ಕಿವಿ ಹಿಡಿದು ಎಳೆಯುತ್ತಿದ್ದಳು.

"ಉಣ್ಣೋರ್ ಮಕ ನೋಡ್ಬಾರ್ದು ಕಣೆ. ನಾಚ್ಕೊಂಡು ಅಂಗೇ ಎದ್ದೋಗ್ಬಿಡ್ತಾರೆ."

ಹಾಗೆ ಎದ್ದುಹೋದರೆ ಏನಾಗುತ್ತದೆ ಎಂದು ಕೇಳಿದರೆ, ಹಸಿದುಕೊಂಡು ಇನ್ನೊಂದು ವರ್ಷ ಕಾಯಬೇಕಲ್ಲ ಎನ್ನುತ್ತಿದ್ದಳು. ಇದನ್ನು ಅವಳು ನಿಜವಾಗಿ ನಂಬಿದ್ದಳು. ಅಜ್ಜಿ ಹೋದ ಎರಡನೆಯ ವರ್ಷ ಅವಳ ಎಡೆಗೆ ಹೊಗೆಸೊಪ್ಪು ಇಡುವುದು ಮರೆತುಹೋಗಿ, ನಾವೆಲ್ಲ ಉಂಡು ಎಲೆ ಎತ್ತಿದ ಮೇಲೆ ನೆನಪಾಯಿತು. ಅವ್ವ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದಳು. ಅಂಗಡಿಯಿಂದ ಹೊಗೆಸೊಪ್ಪು ತರಿಸಿ, ಮತ್ತೆ ಒಂದು ಎಲೆ ಹಾಕಿ, ಮತ್ತೆ ಧೂಪ ಹಾಕಿ, ಮತ್ತೆ ನಮ್ಮನ್ನೆಲ್ಲ ಹೊರಗೆ ಅಟ್ಟಿದಳು. ಬದುಕಿದ್ದಾಗ ಅತ್ತೆ ಸೊಸೆಗೆ ಆಗಿಬರುತ್ತಿರಲಿಲ್ಲ. ಆದರೆ ಎಡೆಯ ವಿಷಯದಲ್ಲಿ ಅವ್ವ ಜಗಳವನ್ನು ಎಣಿಸುತ್ತಿರಲಿಲ್ಲ.

ಈಗ ಅವ್ವ ಹೋದ ಮೇಲಿನ ಮೊದಲ ಹಿರಿಯರ ಹಬ್ಬ. ಹಬ್ಬದ ಹಿಂದಿನ ದಿನ ನಾವು ಮೂವರು ಮಕ್ಕಳು, ಅಣ್ಣ ನಂಜುಂಡ, ನಾನು, ತಂಗಿ ಪದ್ಮ, ಅಣ್ಣನ ಮನೆಯಲ್ಲಿ ಸೇರಿದೆವು. ಸಾಮಾನಿನ ಪಟ್ಟಿ ಬರೆಯುವ ಕೆಲಸ ನನ್ನದು. ಯಲಹಂಕದ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದವಳಿಗೆ ಮನೆಯವರು ಇನ್ನೇನು ಕೆಲಸ ಕೊಟ್ಟಾರು. ಮುತ್ತಾತನಿಂದ ಶುರುಮಾಡಿ ಹುಣಸೆಹಣ್ಣಿನವರೆಗೆ ಸರಸರನೆ ಬರೆದೆ. ಅವ್ವನ ಹೆಸರು ಬಂದಾಗ ಪೆನ್ನು ನಿಂತಿತು. ಅವ್ವನಿಗೆ ಏನು ಇಷ್ಟ?

ನಾಟಿ ಕೋಳಿ ಸಾರು ಎಂದ ಅಣ್ಣ, ಕೇಳುವುದೇ ಬೇಡ ಎನ್ನುವ ಹಾಗೆ. ನಾನು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಎಂದೆ. ಪದ್ಮ ಇಬ್ಬರನ್ನೂ ಕನಿಕರದಿಂದ ನೋಡಿ, ಅವ್ವನಿಗೆ ಹಿದುಕಿದ ಅವರೆಬೇಳೆ ಸಾರು ಬಿಟ್ಟರೆ ಬೇರೆ ಏನೂ ಬೇಕಿರಲಿಲ್ಲ ಎಂದಳು. ಈ ಕಾಲದಲ್ಲಿ ಅವರೆಕಾಯಿ ಎಲ್ಲಿಂದ ತರುತ್ತೀಯ ಎಂದು ಅಣ್ಣ ರೇಗಿದ. ಸೂಪರ್ ಮಾರ್ಕೆಟ್ಟಿನಲ್ಲಿ ಫ್ರೀಜರಿನದು ಸಿಗುತ್ತದೆ ಎಂದು ಇವಳು. ಅವ್ವನ ಎಡೆಗೆ ಮಂಜುಗಡ್ಡೆ ಇಡುತ್ತೀಯಾ ಎಂದು ಅವನು. ಅರವತ್ತು ದಾಟಿದ ಅಣ್ಣ, ಐವತ್ತೈದರ ತಂಗಿ, ಸ್ಲೇಟು ಬಳಪಕ್ಕೆ ಜಗಳವಾಡುತ್ತಿದ್ದ ದನಿಯಲ್ಲೇ ಜಗಳವಾಡಿದರು, ನಾನೂ ಹಿಂದೆ ಬೀಳಲಿಲ್ಲ. ಅವ್ವ ನನ್ನ ಜೊತೆ ಕುಳಿತು ಒಲೆಯ ಮುಂದೆ ಎಷ್ಟು ರೊಟ್ಟಿ ತಿಂದಿದ್ದಾಳೆ ಎಂಬುದಕ್ಕೆ ನಾನೇ ಸಾಕ್ಷಿ ಎಂದೆ. ಅವರಿಬ್ಬರ ಹತ್ತಿರವೂ ಅಂಥದೇ ಸಾಕ್ಷಿ ಇತ್ತು. ಆಗ ಅಡುಗೆಮನೆಯಿಂದ ಅತ್ತಿಗೆ ಬಂದಳು. ಚಿಕ್ಕಜಾಲದವಳು, ಮಾತು ಕಡಿಮೆ, ಆಡಿದರೆ ನೆಟ್ಟಗೆ ಆಡುವವಳು.

"ಮೂವರೂ ನಿಮ್ ನಿಮ್ ಇಷ್ಟ ಏಳ್ತಿದೀರಾ. ಅತ್ತೆ ಇಷ್ಟ ಯಾರಾದ್ರೂ ಏಳಿ."

ಅವಳು ಹೇಳಿದ್ದು ನಿಜ. ನಾಟಿ ಕೋಳಿ ಅಣ್ಣನಿಗೆ ಪ್ರಾಣ, ರೊಟ್ಟಿ ನನಗೆ, ಅವರೆಬೇಳೆ ಪದ್ಮನಿಗೆ. ಅವ್ವ ಒಬ್ಬೊಬ್ಬರ ಪಕ್ಕದಲ್ಲಿ ಕುಳಿತು ನನಗೂ ಇದೇ ಇಷ್ಟ ಎಂದಿದ್ದಾಳೆ, ನಾವು ನಂಬಿದ್ದೇವೆ. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಅಡುಗೆ ಮಾಡಿದ ತನಗೂ ತಿಳಿಯದು ಎಂದು ಅತ್ತಿಗೆ ಒಪ್ಪಿಕೊಂಡಳು. ನೋಡದೇ ಇದ್ದ ನಾದಿನಿಯ ಹುಣಸೆಹಣ್ಣು ಕೂಡ ಅವ್ವನಿಗೆ ಗೊತ್ತಿತ್ತು. ಅವ್ವನನ್ನು ಮಾತ್ರ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಅವಳ ಮಾತನ್ನೇ ನಂಬುವುದಾದರೆ ನಾಳೆ ಅವಳು ಬಂದು, ಎಲೆ ನೋಡಿ, ಹಸಿದುಕೊಂಡು ಹೋಗಬೇಕು. ನನಗೆ ಇಂಥದರಲ್ಲೆಲ್ಲ ನಂಬಿಕೆ ಅಷ್ಟಕ್ಕಷ್ಟೇ. ಆದರೂ ಪಟ್ಟಿಯಲ್ಲಿ ಅವ್ವನ ಹೆಸರಿನ ಮುಂದಿನ ಜಾಗ ಖಾಲಿ ಬಿಟ್ಟೆ.

ಅಣ್ಣನ ಈ ನಾಲ್ಕು ಮಹಡಿಯ ಕಟ್ಟಡ ನಿಂತಿರುವುದು ನಾವು ಹುಟ್ಟಿದ ಮನೆಯ ಜಾಗದಲ್ಲೇ, ಜಕ್ಕೂರಿನ ಹಳೆಯ ಊರಿನೊಳಗೆ. ಆಗ ಅದು ಹೆಂಚಿನ ಮನೆ. ಬಾಗಿಲು ದಾಟಿದರೆ ಎಡಕ್ಕೆ ಕೊಟ್ಟಿಗೆ, ಬಲಕ್ಕೆ ನಡುಮನೆ. ಹಸುಗಳೂ ನಾವೂ ಒಂದೇ ಬಾಗಿಲಲ್ಲಿ ಓಡಾಡುತ್ತಿದ್ದೆವು. ಹಿತ್ತಿಲಿಗೆ ದ್ರಾಕ್ಷಿ ಚಪ್ಪರ, ಅದರಾಚೆ ಕೆರೆಯ ಏರಿ. ಈಗ ಅಪ್ಪನ ಕೋಣೆ ಇರುವುದು ಹಳೆಯ ಕೊಟ್ಟಿಗೆಯ ಜಾಗದಲ್ಲಿ. ಕೆಂಪಿ ಎಂಬ ಹಸು ಮಲಗುತ್ತಿದ್ದ ಕಡೆಯೇ ತನ್ನ ಮಂಚ ಬಂದಿದೆ, ಅವಳಷ್ಟು ಚೆನ್ನಾಗಿ ನಿದ್ದೆ ಮಾತ್ರ ಬರುತ್ತಿಲ್ಲ ಎಂದು ಅವನು ಬಂದವರಿಗೆಲ್ಲ ಹೇಳುತ್ತಾನೆ. ಆ ಕೆಂಪಿಗೂ ನಮ್ಮ ನೆತ್ತಿಯ ಮೇಲೆ ಹಾರುತ್ತಿದ್ದ ವಿಮಾನಗಳಿಗೂ ಹಗೆ. ಊರ ಪಕ್ಕದ ವಿಮಾನ ಮೈದಾನದಲ್ಲಿ ಹಾರಲು ಕಲಿಯುವವರ ಪುಟ್ಟ ವಿಮಾನಗಳು ಬೆಳಗಿನ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಹೆಂಚು ನಡುಗಿಸಿಕೊಂಡು ಹೋಗುತ್ತಿದ್ದವು. ಕೆಂಪಿ ಬೆಚ್ಚಿ ಚೊಂಬನ್ನು ಒದೆಯುತ್ತಿದ್ದಳು. ಅವ್ವ ಅಂಗಳಕ್ಕೆ ಓಡಿಬಂದು, ಸೊಂಟದ ಮೇಲೆ ಕೈಯಿಟ್ಟು, ಆಕಾಶದ ಕಡೆ ಮುಖ ಮಾಡಿ ಬೈಯುತ್ತಿದ್ದಳು. ಆ ಹುಡುಗ ನೆಟ್ಟಗೆ ಹಾರುವುದನ್ನು ಕಲಿಯುವವರೆಗೆ ಊರಿಗೆ ಹಾಲಿಲ್ಲ ಎನ್ನುವುದು ಅವಳ ದೂರು. ಕೆಲವೊಮ್ಮೆ ವಿಮಾನ ವಾಲಿಕೊಂಡು ಹೋದರೆ, ನೋಡು ನಾನು ಬೈದದ್ದು ಕೇಳಿಸಿತು ಎಂದು ನಗುತ್ತ ಒಳಗೆ ಬರುತ್ತಿದ್ದಳು. ಅವಳು ನಕ್ಕರೆ ಕೊಟ್ಟಿಗೆಯಿಂದ ಹಿತ್ತಿಲವರೆಗೂ ಕೇಳುತ್ತಿತ್ತು.

ಹಾಲು ಕರೆದಾದ ಮೇಲೆ ಅವಳು ಕ್ಯಾನು ಸೊಂಟಕ್ಕಿಟ್ಟುಕೊಂಡು ಬಳ್ಳಾರಿ ರಸ್ತೆಯವರೆಗೆ ನಡೆಯುತ್ತಿದ್ದಳು. ಈಗ ಎಲ್ಲರೂ ಏರ್‌ಪೋರ್ಟ್ ರಸ್ತೆ ಎನ್ನುವ ಅದೇ ರಸ್ತೆ, ಆಗ ಎರಡೂ ಬದಿಗೆ ಹುಣಸೆಮರಗಳಿದ್ದವು. ಅಲ್ಲಿ ಏಳೆಂಟು ಮನೆ, ಒಂದು ಬೇಕರಿ ಅವಳ ವರ್ತನೆಯವರು, ದಿನವೂ ಹಾಲು ಕೊಳ್ಳುವವರು. ಹೋದವಳು ಹೊತ್ತಿಗೆ ಸರಿಯಾಗಿ ಬಂದದ್ದೇ ಇಲ್ಲ. ನಾವು ಶಾಲೆಗೆ ಹೊರಡುವಾಗ ಜಗಲಿಯಲ್ಲಿ ಅಪ್ಪ ದಾರಿ ಕಾಯುತ್ತ ಕುಳಿತಿರುತ್ತಿದ್ದ, ಅವಳು ತಿರುವಿನಲ್ಲಿ ಕಂಡ ಕೂಡಲೇ ಶುರು. ಇಷ್ಟು ಹೊತ್ತು ಎಲ್ಲಿ ಹಾಳಾಗಿದ್ದೆ, ಹಸುಗಳಿಗೆ ಹುಲ್ಲು ಯಾರಪ್ಪ ಹಾಕಬೇಕು, ದಾರಿಯಲ್ಲಿ ಸಿಕ್ಕವರ ಜೊತೆಯೆಲ್ಲ ಹರಟೆಯೇ. ಅವ್ವನ ಹತ್ತಿರ ದಿನಕ್ಕೊಂದು ಕಾರಣ ಇರುತ್ತಿತ್ತು. ಒಂದು ಮನೆಯವರು ಬಾಗಿಲು ತೆಗೆಯಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿತು. ರಸ್ತೆಯಲ್ಲಿ ಯಾರೋ ಮಂತ್ರಿಗಳು ಹೋಗುತ್ತಿದ್ದರು, ಪೊಲೀಸರು ದಾಟಲು ಬಿಡಲಿಲ್ಲ. ಒಂದೇ ವಾರದಲ್ಲಿ ಮೂರು ಸಲ ಮಂತ್ರಿಗಳು ಹೋದದ್ದುಂಟು. ಅಪ್ಪನ ಬೈಗುಳಕ್ಕೂ ಅವ್ವನ ಕಾರಣಕ್ಕೂ ನಾವು ಎಷ್ಟು ಒಗ್ಗಿಹೋಗಿದ್ದೆವೆಂದರೆ, ಅದು ಮುಗಿದರೆ ಶಾಲೆಯ ಗಂಟೆಗೆ ಇನ್ನು ಕಾಲು ಗಂಟೆ ಇದೆ ಎಂದು ಲೆಕ್ಕ.

ಆ ಕಾಲು ಗಂಟೆಯಲ್ಲಿ ಅವ್ವ ನನ್ನ ಜಡೆ ಹೆಣೆಯುತ್ತಿದ್ದಳು. ಅವಳ ಎರಡು ಮೊಣಕಾಲ ನಡುವೆ ಕುಳಿತರೆ ಮುಖಕ್ಕೆ ಸೆರಗು ತಾಗುತ್ತಿತ್ತು. ಅದರಲ್ಲಿ ಹಾಲು, ಸಗಣಿ, ಸೌದೆ ಹೊಗೆ ಎಲ್ಲ ಸೇರಿದ ವಾಸನೆ, ಅದರ ಜೊತೆಗೆ ಇನ್ನೊಂದು, ಬೆಚ್ಚಗೆ, ಸಿಹಿಯಾಗಿ, ಹೆಸರಿಲ್ಲದ್ದು. ಅದು ಅವ್ವನ ವಾಸನೆ ಎಂದುಕೊಂಡಿದ್ದೆ. ಎಲ್ಲರ ಅವ್ವಂದಿರ ಸೆರಗೂ ಹಾಗೇ ಇರುತ್ತದೆಂದು ತಿಳಿದು, ಒಮ್ಮೆ ಗೆಳತಿಯ ಮನೆಯಲ್ಲಿ ಅವಳ ಅವ್ವನ ಸೆರಗು ಮೂಸಿ ನೋಡಿ ಬೈಸಿಕೊಂಡೆ. ಅಲ್ಲಿ ಬರೀ ಸೋಪಿನ ವಾಸನೆ ಇತ್ತು. ಪಾಪ ಇವಳಿಗೆ ಸರಿಯಾದ ಅವ್ವ ಸಿಕ್ಕಿಲ್ಲ ಎಂದು ಮರುಗಿದೆ.

ಊಟಕ್ಕೆ ಅವ್ವ ಎಲ್ಲರಿಗಿಂತ ಕೊನೆಗೆ ಕುಳಿತುಕೊಳ್ಳುತ್ತಿದ್ದಳು. ಉಳಿದದ್ದು ಏನೋ ಅದು. ಸಿಹಿಯನ್ನಂತೂ ಮುಟ್ಟುತ್ತಲೇ ಇರಲಿಲ್ಲ. ಯುಗಾದಿಗೆ ಬುಟ್ಟಿ ತುಂಬ ಒಬ್ಬಟ್ಟು ತಟ್ಟಿ, ನನಗೆ ಸಿಹಿ ಸೇರುವುದಿಲ್ಲ ನೀವು ತಿನ್ನಿ ಎಂದು ಕೈ ತೊಳೆದುಕೊಳ್ಳುತ್ತಿದ್ದಳು. ಅಂಗಡಿ ತಿಂಡಿ ಕಂಡರೆ ಕೆಂಡ. ನಾವು ಬನ್ನು ಬಿಸ್ಕತ್ತು ಕೇಳಿದರೆ, ಬೇಕರಿಯವರು ಹಿಟ್ಟು ಕಾಲಿನಲ್ಲಿ ತುಳಿಯುತ್ತಾರೆ, ನಾನೇ ಕಣ್ಣಾರೆ ನೋಡಿದ್ದೇನೆ ಎಂದು ಹೆದರಿಸುತ್ತಿದ್ದಳು. ಇದನ್ನು ಕೇಳಿ ಅಜ್ಜಿ ಅಪರೂಪಕ್ಕೆ ಸೊಸೆಯನ್ನು ಮೆಚ್ಚುತ್ತಿದ್ದಳು. ಅಂಗಡಿಯ ಮುಂದೆ ನಿಂತು ತಿನ್ನುವ ಹೆಂಗಸು ಮನೆಯನ್ನು ಉದ್ಧಾರ ಮಾಡುವುದಿಲ್ಲ ಎಂಬುದು ಅಜ್ಜಿಯ ಗಟ್ಟಿ ಅಭಿಪ್ರಾಯ. ನಾನು ಇದನ್ನೆಲ್ಲ ನೋಡಿಕೊಂಡು ಬೆಳೆದೆ. ಒಳ್ಳೆಯ ಹೆಂಗಸು ಎಂದರೆ ಏನೂ ಬೇಡ ಎನ್ನುವವಳು ಎಂದು ತೀರ್ಮಾನಿಸಿದೆ. ಮದುವೆಯಾದ ಮೇಲೆ ಅದನ್ನೇ ಸಾಧನೆ ಮಾಡಿದೆ. ಗಂಡ ಸೀರೆ ತಂದರೆ ಯಾಕೆ ಬೇಕಿತ್ತು ಎಂದೆ, ಮಕ್ಕಳು ಏನು ತರಲಿ ಎಂದರೆ ಏನೂ ಬೇಡ ಎಂದೆ. ಒಂದೇ ತೊಂದರೆ, ಅವ್ವ ನಗುನಗುತ್ತ ಬೇಡ ಎನ್ನುತ್ತಿದ್ದಳು, ನಾನು ಮುಖ ಗಂಟು ಹಾಕಿಕೊಂಡು ಎನ್ನುತ್ತಿದ್ದೆ. ಎಲ್ಲಿ ತಪ್ಪುತ್ತಿದ್ದೇನೆ ಎಂದು ಎಷ್ಟು ಯೋಚಿಸಿದರೂ ತಿಳಿಯುತ್ತಿರಲಿಲ್ಲ.

ನಮ್ಮ ಜಗಳವೆಲ್ಲ ಮುಗಿದ ಮೇಲೆ, ಇಷ್ಟು ಹೊತ್ತು ಕಿಟಕಿಯ ಹತ್ತಿರ ಕಣ್ಣು ಮುಚ್ಚಿ ಕುಳಿತಿದ್ದ ಅಪ್ಪ ಬಾಯಿ ಬಿಟ್ಟ. ನಿದ್ದೆ ಹೋಗಿದ್ದಾನೆ ಎಂದುಕೊಂಡಿದ್ದೆವು.

"ದಿಲ್‌ಪಸಂದ್ ತಕಂಬನ್ರಿ. ಒಂದು ತುಂಡಲ್ಲ. ಇಡೀದು."

ದಿಲ್‌ಪಸಂದ್ ಎಂದರೆ ಬೇಕರಿಯ ತಟ್ಟೆಯಗಲದ ಸಿಹಿ, ಒಳಗೆ ಕೊಬ್ಬರಿ ಸಕ್ಕರೆ, ನಡುನಡುವೆ ಕೆಂಪು ಹಸಿರು ಟೂಟಿ ಫ್ರೂಟಿ. ಅಪ್ಪನಿಗೆ ಎಂಬತ್ತೇಳು, ಏನೋ ಮರೆತು ಮಾತಾಡುತ್ತಿದ್ದಾನೆ ಎಂದು ಅಣ್ಣ ಮೆಲ್ಲಗೆ, ಅವ್ವ ಸಿಹಿ ತಿನ್ನುತ್ತಿರಲಿಲ್ಲ ಅಪ್ಪಾ ಎಂದ. ಅಪ್ಪ ಕಣ್ಣು ತೆರೆದು ಅವನನ್ನು ದಡ್ಡ ಮಗನನ್ನು ನೋಡುವಂತೆ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ. ಪದ್ಮ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಒಂದು ದಿನ ತುಂಬ ತಡವಾಯಿತೆಂದು, ಇವತ್ತು ರಸ್ತೆಯಲ್ಲೇ ಗ್ರಹಚಾರ ಬಿಡಿಸುತ್ತೇನೆ ಎಂದು ಸೈಕಲ್ ಹತ್ತಿ ಹೋದನಂತೆ. ಹುಣಸೆಮರದ ಕೆಳಗಿಂದ ನೋಡಿದರೆ ರಸ್ತೆಯಾಚೆ ಬೇಕರಿ. ಖಾಲಿ ಕ್ಯಾನು ಕಾಲ ಬಳಿ ಇಟ್ಟುಕೊಂಡು, ಬೇಕರಿಯ ಪಕ್ಕದ ಗೋಡೆಯ ಕಡೆ ಮುಖ ಮಾಡಿ, ಸೆರಗಿನ ಮರೆಯಲ್ಲಿ ಅವ್ವ ದಿಲ್‌ಪಸಂದ್ ತಿನ್ನುತ್ತಿದ್ದಾಳೆ. ಕಣ್ಣು ಮುಚ್ಚಿಕೊಂಡು, ಒಂದೊಂದೇ ಚೂರು. ಕೊನೆಗೆ ಬೆರಳಿಗೆ ಅಂಟಿದ್ದನ್ನೂ ನೆಕ್ಕಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ತನ್ನಷ್ಟಕ್ಕೆ ತಾನೇ ನಕ್ಕಳಂತೆ. ಅಪ್ಪ ಸೈಕಲ್ ತಿರುಗಿಸಿಕೊಂಡು ಬಂದು ಜಗಲಿಯಲ್ಲಿ ಕುಳಿತ. ಅವಳು ಬಂದಾಗ ಎಂದಿನಂತೆ ಬೈದ. ಅವತ್ತಿನ ಕಾರಣ ಮಂತ್ರಿಗಳು.

"ಗೊತ್ತಿದ್ದೂ ದಿನಾ ಯಾಕಪ್ಪಾ ಬಯ್ತಿದ್ದೆ?" ಎಂದು ನಾನು ಕೇಳಿದೆ.

"ಬಯ್ದೆ ಸುಮ್ಕಾಗಿದ್ರೆ ನಂಗೊತ್ತಾಗೈತೆ ಅಂತ ಅವ್ಳಿಗೊತ್ತಾಗ್ಬಿಡೋದು. ಆಮೇಕೆ ತಿನ್ನೋದೇ ಬಿಟ್ಬಿಡೋಳು."

ಪದ್ಮ ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. ನನಗೆ ಮಾತ್ರ ಹೊಟ್ಟೆಯಿಂದ ನಗು ಉಕ್ಕಿ ಬಂತು. ಕಾಲಿನಲ್ಲಿ ಹಿಟ್ಟು ತುಳಿಯುವ ಬೇಕರಿ. ಸಿಹಿ ಸೇರದ ಅವ್ವ. ದಿನಾ ಬೆಳಿಗ್ಗೆ, ನಾವೆಲ್ಲ ನೀರು ಮಜ್ಜಿಗೆಗೆ ಕಿತ್ತಾಡುತ್ತಿರುವಾಗ, ತನ್ನ ಪಾಲಿನದನ್ನು ತಾನು ಪಟ್ಟಾಗಿ ತಿಂದುಕೊಂಡು ಬರುತ್ತಿದ್ದ ಹೆಂಗಸು ಊಟಕ್ಕೆ ಕೊನೆಗೆ ಕುಳಿತು ನಗದೆ ಇನ್ನೇನು ಮಾಡುತ್ತಾಳೆ. ಮೂವತ್ತೈದು ವರ್ಷ ನಾನು ಮುಖ ಗಂಟು ಹಾಕಿಕೊಂಡು ಮಾಡಿದ ಸಾಧನೆಯಲ್ಲಿ ಬಿಟ್ಟುಹೋಗಿದ್ದ ಅರ್ಧ ಪಾಠ ಅದು. ಅವ್ವ ನನಗೆ ಮೋಸ ಮಾಡಿದ್ದಳು, ಆ ಮೋಸಕ್ಕೆ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು.

ಕಾಲು ನೋವು ಬಂದು ಅವಳು ಹೊರಗೆ ಹೋಗುವುದು ನಿಂತ ಮೇಲೆ ಏನು ಮಾಡಿದಳು ಎಂದು ಅತ್ತಿಗೆ ಕೇಳಿದಳು. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡ. ಮೊಮ್ಮಕ್ಕಳಿಗೆಂದು ಅವನು ವಾರಕ್ಕೊಮ್ಮೆ ಬೇಕರಿ ಪೊಟ್ಟಣ ತಂದು ಅಡುಗೆಮನೆಯಲ್ಲಿಟ್ಟು, ಮರೆತವನ ಹಾಗೆ ಕೆರೆ ಏರಿಯ ಕಡೆ ವಾಕಿಂಗ್ ಹೊರಡುತ್ತಿದ್ದದ್ದು ನಮಗೆಲ್ಲ ಆಗ ನೆನಪಾಯಿತು. ಪೊಟ್ಟಣದಲ್ಲಿ ಯಾವಾಗಲೂ ಒಂದು ತುಂಡು ಕಡಿಮೆ ಇರುತ್ತದೆ, ತಾತ ದಾರಿಯಲ್ಲೇ ತಿಂದುಬಿಡುತ್ತಾನೆ ಎಂದು ಮಕ್ಕಳು ದೂರುತ್ತಿದ್ದರು. ಅಪ್ಪ ಆ ದೂರನ್ನು ಒಮ್ಮೆಯೂ ಅಲ್ಲಗಳೆದಿರಲಿಲ್ಲ.

ರಸ್ತೆ ಅಗಲವಾದಾಗ ಆ ಬೇಕರಿ ಹೋಗಿತ್ತು. ಅದೇ ಮನೆಯವರು ಹೆಬ್ಬಾಳದ ಒಂದು ಒಳರಸ್ತೆಯಲ್ಲಿ ಅಂಗಡಿ ಇಟ್ಟಿರುವುದು ಅಪ್ಪನಿಗೆ ಗೊತ್ತಿತ್ತು. ಅಣ್ಣನೂ ನಾನೂ ಕಾರಿನಲ್ಲಿ ಹೊರಟು, ಫ್ಲೈಓವರಿನ ಮೇಲೆ ಮುಕ್ಕಾಲು ಗಂಟೆ ಸಿಕ್ಕಿಕೊಂಡು, ಹೇಗೋ ತಲುಪಿದೆವು. ಅಣ್ಣ ಕಾರಿನಲ್ಲೇ ಉಳಿದ. ನಾನು ಮೆಟ್ಟಿಲು ಹತ್ತಿದೆ. ಆಗಷ್ಟೇ ಒಳಗಿನಿಂದ ಬಿಸಿ ಟ್ರೇ ತಂದಿಟ್ಟರು. ಬೆಂದ ಕೊಬ್ಬರಿ, ಸಕ್ಕರೆ, ಎಸೆನ್ಸು ಎಲ್ಲ ಸೇರಿದ ವಾಸನೆ ಮುಖಕ್ಕೆ ಬಡಿಯಿತು, ನಾನು ಅಲ್ಲೇ ಗಾಜಿನ ಕಪಾಟು ಹಿಡಿದು ನಿಂತೆ. ಜಡೆ ಹೆಣೆಯುವ ಅವ್ವನ ಮೊಣಕಾಲುಗಳ ನಡುವೆ ಕುಳಿತಿದ್ದೆ. ಆ ವಾಸನೆಗೆ ಇಷ್ಟು ವರ್ಷ ಹೆಸರಿರಲಿಲ್ಲ. ಅವಳು ಹೋದ ದಿನ ಅವಳ ಸೀರೆಗಳನ್ನು ಒಂದೊಂದಾಗಿ ಮೂಸಿ ಹುಡುಕಿದ್ದೆ, ಸಿಕ್ಕಿರಲಿಲ್ಲ. ಎಷ್ಟು ತುಂಡು ಮೇಡಂ ಎಂದು ಅಂಗಡಿಯವನು ಎರಡು ಸಲ ಕೇಳಿದ. ಒಂದು ಇಡಿಯದು ಕಟ್ಟಿಸಿದೆ. ಆಮೇಲೆ ಇನ್ನೊಂದು ತುಂಡು ಕೇಳಿ ಕಾಗದದಲ್ಲಿ ಇಸಿದುಕೊಂಡು, ಅಂಗಡಿಯ ಪಕ್ಕದ ಗೋಡೆಯ ಕಡೆ ತಿರುಗಿ, ನಿಂತುಕೊಂಡೇ ತಿಂದೆ. ಆತುರವಿಲ್ಲದೆ, ಬೆರಳು ನೆಕ್ಕುವವರೆಗೂ. ಕಾರಿಗೆ ಮರಳಿದಾಗ, ಒಂದು ದಿಲ್‌ಪಸಂದ್‌ಗೆ ಇಷ್ಟು ಹೊತ್ತಾ ಎಂದು ಅಣ್ಣ ರೇಗಿದ. ಅಂಗಡಿಯಲ್ಲಿ ವಿಪರೀತ ರಶ್ಶು ಎಂದೆ. ಅವನು ನನ್ನ ಮುಖ ನೋಡಿದ, ಗಲ್ಲಕ್ಕೆ ಅಂಟಿದ್ದ ಟೂಟಿ ಫ್ರೂಟಿಯನ್ನೂ ನೋಡಿದ, ಗಾಡಿ ತೆಗೆದ.

ಮಾರನೆಯ ದಿನ ಎಲ್ಲರ ಎಡೆಯೂ ಕ್ರಮವಾಗಿ ಬಿತ್ತು. ತಾತನಿಗೆ ಬ್ರಾಂದಿ, ಅಜ್ಜಿಗೆ ಹೊಗೆಸೊಪ್ಪು, ಹುಡುಗಿಗೆ ಹುಣಸೆಹಣ್ಣು. ಕೊನೆಯ ಎಲೆ ಅವ್ವನದು. ಅಣ್ಣನ ಕೋಳಿ ಸಾರು, ನನ್ನ ರೊಟ್ಟಿ, ಪದ್ಮನ ಫ್ರೀಜರಿನ ಅವರೆಬೇಳೆ ಎಲ್ಲ ಬದಿಗೆ ಸರಿದು ನಡುವೆ ಇಡೀ ದಿಲ್‌ಪಸಂದ್ ಕುಳಿತಿತ್ತು. ಪಕ್ಕದ ಎಲೆಯೇ ಅಜ್ಜಿಯದು. ಅಪ್ಪ ಅದನ್ನು ನೋಡಿ, ನಿಮ್ಮವ್ವನನ್ನು ಈ ಕಡೆಯ ಗೋಡೆಗೆ ಹಾಕಿ ಎಂದ. ನಾವು ಎರಡು ಕೈಯಲ್ಲಿ ಎಲೆ ಎತ್ತಿ, ಅವ್ವನನ್ನು ಅತ್ತೆಯ ಕಣ್ಣು ತಪ್ಪಿಸಿ ಮೂಲೆಗೆ ತಂದೆವು. ಧೂಪ ಹಾಕಿ ಎಲ್ಲರೂ ಹೊರಗೆ ಬಂದೆವು. ಅಪ್ಪ ತಾನೇ ಬಾಗಿಲೆಳೆದುಕೊಂಡು, ಅದಕ್ಕೆ ಬೆನ್ನು ಮಾಡಿ ಕುರ್ಚಿಯಲ್ಲಿ ಕುಳಿತ. ಮೇಲೆ ಒಂದು ಪುಟ್ಟ ವಿಮಾನ ಹೋಯಿತು, ಬೈಯುವವರು ಯಾರೂ ಇರಲಿಲ್ಲ. ಎಂದಿನಷ್ಟು ಹೊತ್ತು ಕಾದು ಅಣ್ಣ ಬಾಗಿಲು ತಟ್ಟಲು ಎದ್ದ. ಮಕ್ಕಳಿಗೆ ಹಸಿವಾಗಿದೆ, ತಡವಾಯಿತು ಎಂದ. ಅಪ್ಪ ಅವನ ಕೈ ಹಿಡಿದು ಕೂರಿಸಿದ.

"ತಡೀಲಾ. ಇವತ್ತೊಂದಿನ ತಡ ಮಾಡ್ಲಿ."